ಒಂದು ತಾಮ್ರ, ಎರಡು ಭಟ್ಟಿ

ಪಿಂಗಾಣಿ ಕಾರ್ಖಾನೆಗೆ ಸೇರಿದ ಮೊದಲ ವಾರವೇ ನಾನೊಂದು ಘನಕಾರ್ಯ ಮಾಡಿದೆ. ‘ನೀಲಿ’ ಎಂದು ಚೀಟಿ ಅಂಟಿಸಿದ್ದ ಬಕೆಟ್ಟಿನಲ್ಲಿ ಗುಲಾಬಿ ಬಣ್ಣದ ನೀರು ಕಂಡು, ಯಾರೋ ಎಡವಟ್ಟು ಮಾಡಿದ್ದಾರೆಂದು ಅಷ್ಟನ್ನೂ ಮೋರಿಗೆ ಸುರಿದೆ. ಬಕೆಟ್ ತೊಳೆದೂ ಇಟ್ಟೆ. ಶಹಬ್ಬಾಸ್ ಅನ್ನಿಸಿಕೊಳ್ಳಲು ಮಾವನ ಮುಂದೆ ಹೋಗಿ ನಿಂತೆ.

ಮಾವ ಅಂದರೆ ಅಮ್ಮನ ತಮ್ಮ. ಬಟ್ಟಲುಗಳಿಗೆ ಹಚ್ಚುವ ಹೊಳಪಿನ ಬಣ್ಣ ಕಲಸುವುದು ಅವರ ಕೆಲಸ. ನನಗೆ ಈ ನೌಕರಿ ಕೊಡಿಸಿದ ತಪ್ಪೂ ಅವರದೇ.

“ಅದು ಕೋಬಾಲ್ಟ್ ಕಣೋ ಅಳಿಯ. ಹಸೀಲಿ ಗುಲಾಬಿ, ಬೆಂದ್ಮೇಲೆ ನೀಲಿ. ಕಣ್ಣು ಚೆನ್ನಾಗಿರೋರಿಗೆ ಇದೇ ಕಷ್ಟ, ಕಂಡಿದ್ದನ್ನೆಲ್ಲ ನಂಬಿಬಿಡ್ತಾರೆ.”

ಅವರ ಕಣ್ಣಿನ ಗುಟ್ಟು ಮನೆಯವರಿಗಷ್ಟೇ ಗೊತ್ತಿತ್ತು. ಹುಟ್ಟಿನಿಂದಲೇ ಅವರಿಗೆ ಕೆಂಪು, ಹಸಿರು ಎರಡೂ ಒಂದೇ ಥರ. ಟೊಮೆಟೊ ಹಣ್ಣೋ ಕಾಯೋ ಎಂದು ಹಿಸುಕಿ ನೋಡಿಯೇ ತರುತ್ತಾರೆ. “ಇವರನ್ನ ಮಾರ್ಕೆಟ್ಟಿಗೆ ಕಳಿಸಿದ್ರೆ ಅರ್ಧ ಅಡುಗೆ ದಾರೀಲೇ ಆಗಿರುತ್ತೆ” ಎನ್ನುತ್ತಾಳೆ ಅತ್ತೆ.

ಆದರೂ ಇಪ್ಪತ್ತಾರು ವರ್ಷದಲ್ಲಿ ಮಾವನ ಬಣ್ಣ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಗಂಟೆ ಹೊಡೆಯುವ ಮೊದಲೇ ಬಂದು, ತಕ್ಕಡಿ ಒರೆಸಿ, ಡಬ್ಬಿಗಳನ್ನು ಮಾತಾಡಿಸುವವರಂತೆ ಒಂದೊಂದಾಗಿ ತೆರೆಯುತ್ತಿದ್ದರು. ಕಬ್ಬಿಣ, ತಾಮ್ರ, ಮ್ಯಾಂಗನೀಸ್‌ಗಳ ಸ್ವಭಾವವೇ ಹಾಗಂತೆ: ಬೆಂಕಿಯಲ್ಲಿ ಆಮ್ಲಜನಕ ಎಷ್ಟು ಸಿಕ್ಕಿತೋ ಅದಕ್ಕೆ ತಕ್ಕಂತೆ ಒಂದೇ ಲೋಹ ಬೇರೆ ಬೇರೆ ಬಣ್ಣ ತಾಳುತ್ತದೆ. ತಾಮ್ರದ ಪಕ್ಕದ ಡಬ್ಬಿಯಲ್ಲಿದ್ದ ಸತು ಮಾತ್ರ ಪರಮ ಸಾಧು. “ಥೇಟ್ ನಿನ್ನ ಹಾಗೆ. ಎಷ್ಟು ಬೇಯಿಸಿದ್ರೂ ಬಣ್ಣ ಬರಲ್ಲ” ಎಂದು ನನಗೆ ಪರಿಚಯಿಸಿದ್ದರು.

ಈ ವರ್ಷ ಹೊಸ ಮ್ಯಾನೇಜರು ಎಲ್ಲರ ಕಣ್ಣು ಪರೀಕ್ಷೆ ಮಾಡಿಸಿದರು. ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿ ಓದಬೇಕು. ಮಾವನಿಗೆ ಬರೀ ಚುಕ್ಕಿ ಕಂಡವು. ಮರುದಿನವೇ ಬಣ್ಣದ ಕೋಣೆಯ ಬೀಗದ ಕೈ ಮ್ಯಾನೇಜರ ಜೇಬು ಸೇರಿತು. ಮಾವನನ್ನು ಗೇಟಿನಲ್ಲಿ ಕೂರಿಸುವುದೆಂದು ಮಾತಾಯಿತು.

ಮಾವ ನೇರ ಅವರ ಕೋಣೆಗೆ ಹೋದರು. “ಗೇಟು ಕಾಯೋಕೆ ನನ್ನಿಂದಾಗಲ್ಲ ಸಾರ್, ನಿದ್ದೆ ಬಂದ್ಬಿಡುತ್ತೆ. ಒಂದು ಸಲ ಎರಡು ಭಟ್ಟಿ ಬಿಟ್ಟುಕೊಡಿ. ಒಂದೇ ತಾಮ್ರದ ಬಣ್ಣ ಕಲಸಿ ಎರಡಕ್ಕೂ ಇಡ್ತೀನಿ. ಎಡಗಡೇದು ಕೆಂಪು ಬರುತ್ತೆ, ಬಲಗಡೇದು ಹಸಿರು. ತಪ್ಪಿದ್ರೆ ನಾನೇ ಕುರ್ಚಿ ಎತ್ಕೊಂಡು ಗೇಟಿಗೆ ಹೋಗ್ತೀನಿ.”

ಮ್ಯಾನೇಜರು ಒಪ್ಪಿದರು. ಮಾವ ಬಲ ಭಟ್ಟಿಯ ಗಾಳಿಕಿಂಡಿಯನ್ನು ದಿನವಿಡೀ ತೆರೆದಿಟ್ಟರು. ಎಡದ್ದು ಕಾದ ಮೇಲೆ ಅದರ ಕಿಂಡಿಯನ್ನು ಮುಕ್ಕಾಲು ಮುಚ್ಚಿದರು. ಉಸಿರು ಸಾಲದ ಬೆಂಕಿ ಇಣುಕುರಂಧ್ರದಿಂದ ನಾಲಗೆ ಚಾಚಿತು. ಮಾವ ನೋಡಿದ್ದು ಆ ನಾಲಗೆಯ ಉದ್ದವನ್ನಷ್ಟೇ. ಒಂದು ಗೇಣು ಮೀರದಂತೆ ಕಿಂಡಿಯನ್ನು ಸರಿಸುತ್ತ ಕೂತರು. ನಾನು ಪಕ್ಕದಲ್ಲಿ ನಿಂತು ಧೈರ್ಯ ಹೇಳುತ್ತಿದ್ದೆ.

“ಆಚೆ ಹೋಗಿ ನೀನು ಸ್ವಲ್ಪ ನೀರು ಕುಡಿ. ಆ ಧೈರ್ಯ ನಿಂಗೇ ಬೇಕು,” ಎಂದರು.

ಎರಡು ದಿನ ಆರಲು ಬಿಟ್ಟು ಭಟ್ಟಿ ತೆರೆದಾಗ ಎಡದಲ್ಲಿ ದಾಳಿಂಬೆ ಕಾಳಿನಂಥ ಕೆಂಪು, ಬಲದಲ್ಲಿ ಎಳೆ ಎಲೆಯ ಹಸಿರು. ಮ್ಯಾನೇಜರು ಪ್ರತಿ ಬಟ್ಟಲನ್ನೂ ತಿರುಗಿಸಿ ನೋಡಿದರು. ಬೀಗದ ಕೈಯನ್ನು ಮಾವನ ಅಂಗೈಗಿಟ್ಟರು. ಆದರೂ ಮನಸ್ಸು ತಡೆಯಲಿಲ್ಲವೇನೋ, ಎರಡೂ ಭಟ್ಟಿಯ ಒಂದೊಂದು ಬಟ್ಟಲನ್ನು ಬೆನ್ನ ಹಿಂದೆ ಅದಲುಬದಲು ಮಾಡಿ, ಎಲ್ಲರೆದುರು ಒಂದನ್ನು ಮುಂದೆ ಹಿಡಿದರು.

“ನಿಜ ಹೇಳಿ. ಇದು ಯಾವ ಬಣ್ಣ?”

“ಗೊತ್ತಿಲ್ಲ ಸಾರ್. ಯಾವ ಭಟ್ಟೀದು ಅಂತ ಹೇಳಿ, ಬಣ್ಣ ಹೇಳ್ತೀನಿ.”