ಗ್ಯುಚೊಲನ ತಾಯಿಯ ಡಬ್ಬಿ

ದಕ್ಷಿಣದ ಕಡಲಂಚಿನ ಹೇನಮ್ ಕಡೆಯ ಹೆಂಗಸರಲ್ಲಿ ಜೊಮ್ಸುನ್‌ಳಷ್ಟು ಬಾಯಿಜೋರಿನವಳು ಇನ್ನೊಬ್ಬಳಿರಲಿಲ್ಲ. ಕೊಟ್ಟ ಮಾತಿಗೆ ಅವಳಷ್ಟು ಗಟ್ಟಿಯಾಗಿ ನಿಲ್ಲುವವಳೂ ಇರಲಿಲ್ಲ. ಗಂಡ ಸತ್ತ ಮೇಲೂ ವರ್ಷ ತಪ್ಪದೆ ಚಳಿಗಾಲದ ಎಲೆಕೋಸು ಬೆಳೆದಳು. ಸಸಿ ಬೇರು ಹಿಡಿಯುವಷ್ಟರಲ್ಲಿ ವ್ಯಾಪಾರಿ ಗ್ಯುಚೊಲ್ ಬಂದು, ಮುಂಗಡ ಕೊಟ್ಟು, ಇಡೀ ಹೊಲದ ಬೆಳೆಯನ್ನೇ ಹಿಡಿದುಬಿಡುತ್ತಿದ್ದ; ಬಾಕಿ ಹಣ ಕೊಯ್ಲಿನ ದಿನ. ಕೊಯ್ಲು, ಲಾರಿ ಎಲ್ಲ ಅವನದೇ. ಕಾಗದಪತ್ರದ ಗೋಜಿಲ್ಲ. ಅವನು ಅಕ್ಕ ಅನ್ನುತ್ತಿದ್ದ, ಅವಳು ಬೈಯುತ್ತಿದ್ದಳು, ಅಷ್ಟರಲ್ಲಿ ವ್ಯಾಪಾರ ಮುಗಿಯುತ್ತಿತ್ತು. ಕೋಸಿಗೆ ಉಪ್ಪುಖಾರ ಬೆರೆಸಿ ಚಳಿಗಾಲಕ್ಕೆಂದು ಕಿಮ್ಚಿ ಹಾಕುವ ದಿನ ಅವನಿಗೆ ಅವಳ ಮನೆಯಲ್ಲೇ ಊಟ. ಹೊರಡುವಾಗ ಅವನ ತಾಯಿಗೆಂದು ಒಂದು ಡಬ್ಬಿ ಕಿಮ್ಚಿ.

ಒಂದು ವರ್ಷ ಬಿಸಿಲು ದೂರದ ಬೆಟ್ಟದ ಸೀಮೆಯ ಬೇಸಿಗೆ ಕೋಸನ್ನೆಲ್ಲ ಸುಟ್ಟುಹಾಕಿತು. ಸಿಯೋಲ್‌ನಲ್ಲಿ ಬೆಲೆ ನೆತ್ತಿಗೇರಿತು. ಟಿವಿ ಹಚ್ಚಿದರೆ ಸಾಕು, ಪೇಟೆಯ ಹೆಂಗಸರು ಕೋಸು ಎತ್ತಿ ನೋಡಿ, ಮುಖ ಸಿಂಡರಿಸಿ, ಇದ್ದಲ್ಲೇ ಇಡುವುದೇ ಸುದ್ದಿ. ಬೇರೆ ವ್ಯಾಪಾರಿಗಳು ಊರಿಗೆ ನುಗ್ಗಿ ದುಪ್ಪಟ್ಟು ಕೊಡುತ್ತೇವೆಂದರು. ಅವನ ಮುಂಗಡ ಅವನ ಮುಖಕ್ಕೆ ಬಿಸಾಕು ಎಂದು ನಾದಿನಿ ಓಕ್ಬುನ್ ದುಂಬಾಲು ಬಿದ್ದಳು.

"ಕೋಸಿನ ರೇಟ್ ನೋಡ್ಕೊಂಡು ಮಾತು ಬದಲಾಯಿಸೋಕೆ ನಾನೇನು ದಲ್ಲಾಳಿನಾ?" ಎಂದಳು ಜೊಮ್ಸುನ್.

ಅಷ್ಟರಲ್ಲಿ ಸರ್ಕಾರ ಪೇಟೆಯವರ ಗೋಳು ಕೇಳಿ, ಸುಂಕ ತೆಗೆದು, ಚೀನಾದ ಕೋಸನ್ನು ಹಡಗುಗಟ್ಟಲೆ ತರಿಸಿತು. ಬೆಲೆ ದಡದಡ ಇಳಿಯಿತು. ಏರಿದ ಬೆಲೆಯಲ್ಲಿ ಚಿಕ್ಕಾಸನ್ನೂ ಕಾಣದವರ ತಲೆಯ ಮೇಲೇ ಇಳಿದ ಬೆಲೆ ಬಂದು ಕೂತಿತು. ಪೇಟೆಯವರ ಗೋಳು ಕೇಳಿಸುವ ಕಿವಿಗೆ ಊರಿನವರ ಗೋಳು ಯಾಕೆ ಕೇಳಿಸುವುದಿಲ್ಲವೋ.

ಗ್ಯುಚೊಲ್ ಫೋನ್ ಮಾಡಿ, ಚಳಿ ತಡೆಯುವಂತೆ ಒಂದೊಂದು ಕೋಸಿಗೂ ಹುಲ್ಲು ಕಟ್ಟಿಡು, ಮುಂದಿನ ವಾರ ಲಾರಿ ತರುತ್ತೇನೆ ಎಂದ. ಜೊಮ್ಸುನ್ ಸೊಂಟ ಬಗ್ಗಿಸಿ ಹೊಲ ಪೂರ್ತಿ ಕಟ್ಟಿದಳು. ಮುಂದಿನ ವಾರ ಮತ್ತೆ ಮುಂದಿನ ವಾರವಾಯಿತು. ಆಮೇಲೆ ಅವನು ಫೋನನ್ನೇ ಎತ್ತಲಿಲ್ಲ. ಪೇಟೆಗೆ ಹೋಗಿದ್ದ ಓಕ್ಬುನ್, ಗ್ಯುಚೊಲ್ ಮಂಡಿಯಲ್ಲಿ ನಿಂತು ಚೀನಾದ ಕೋಸು ಇಳಿಸುವುದನ್ನು ಕಣ್ಣಾರೆ ಕಂಡು ಬಂದು ಹೇಳಿದಳು. ಜೊಮ್ಸುನ್ ನಂಬಲಿಲ್ಲ, ಅವಳ ಮೇಲೇ ರೇಗಿದಳು. ಆ ವರ್ಷ ಹಿಮ ಬೇಗ ಬಿತ್ತು. ಹೊಲದ ಕೋಸು ಹುಲ್ಲು ಕಟ್ಟಿದ್ದಂತೆಯೇ ನಿಂತು ಒಳಗೊಳಗೇ ಕೊಳೆಯಿತು.

ಮನೆ ಹಿಂದಿನ ಮಡಿಯಲ್ಲಿ ಬೆಳೆದ ನಾಲ್ಕು ಕೋಸನ್ನು ಮೊದಲೇ ಒಳಗೆ ತಂದಿಟ್ಟಿದ್ದಳು. ಅವುಗಳಿಂದಲೇ ಕಿಮ್ಚಿ ಹಾಕುತ್ತಿದ್ದ ದಿನ ಗ್ಯುಚೊಲ್ ಬಂದ. ಕೈಯಲ್ಲಿ ಖಾಲಿ ಡಬ್ಬಿ.

"ಮುಂಗಡ ನೀನೇ ಇಟ್ಕೋ ಅಕ್ಕ, ವಾಪಸ್ ಕೇಳಲ್ಲ. ಏನ್ ಮಾಡ್ಲಿ, ಈಗ ಹಡಗಿನ ಕೋಸಲ್ಲೇ ನಾಲ್ಕು ಕಾಸು ಹುಟ್ಟೋದು." ಹಾಗೆಂದು ಡಬ್ಬಿ ಮುಂದೆ ನೂಕಿದ. "ಅಮ್ಮ ಆ ಕೋಸನ್ನ ಬಾಯಿಗಿಡಲ್ಲ. ನಿನ್ನ ಕೈದೇ ಬೇಕಂತೆ."

ಜೊಮ್ಸುನ್‌ಳಿಗೆ ಹೊಲ ಹೋದದ್ದಕ್ಕಿಂತ ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲದ್ದು ಹೊಟ್ಟೆ ಉರಿಸಿತು. ಡಬ್ಬಿ ತುಂಬಿ, ಮುಚ್ಚಳ ಒತ್ತಿ, ಅದರ ಮೇಲೆ ಕೋಸು ಕೊಯ್ಯುವ ಕತ್ತಿ ಇಟ್ಟಳು.

"ಡಬ್ಬಿ ನಿಮ್ಮಮ್ಮಂಗೆ, ಅವರೇನ್ ಮಾಡಿದ್ರು ಪಾಪ. ಕತ್ತಿ ನಿಂಗೆ. ಹೊಲ ನಿಂದೇ ಅಲ್ವಾ, ನೀ ಹೇಳ್ದಂಗೆ ಕಟ್ಟಿಟ್ಟಿದೀನಿ. ಹೋಗಿ ಕೊಯ್ಕೋ."

ಅವನು ಕತ್ತಿಯನ್ನು ಪಕ್ಕಕ್ಕಿಟ್ಟು ಡಬ್ಬಿ ಎತ್ತಿಕೊಂಡು ಹೋದ.

ಮರುವರ್ಷ ಅವಳು ಹೊಲದಲ್ಲಿ ಕೋಸು ನೆಡಲಿಲ್ಲ, ಮನೆ ಹಿಂದಿನ ಮಡಿಯಲ್ಲಿ ಮಾತ್ರ ನಾಲ್ಕು ಸಸಿ. ಚಳಿ ಶುರುವಾಗುವಾಗ ಬಾರ್ಲಿ ಬಿತ್ತೋಣವೆಂದು ಅಲ್ಲಿಯವರೆಗೆ ಹೊಲ ಖಾಲಿ ಬಿಟ್ಟಳು. ಊರಿನಲ್ಲಿ ಅರ್ಧಕ್ಕರ್ಧ ಜನ ಹಾಗೆಯೇ ಮಾಡಿದರು. ಬೆಲೆ ಮತ್ತೆ ನೆತ್ತಿಗೇರಿತು, ಟಿವಿಯಲ್ಲಿ ಮತ್ತೆ ಸಿಂಡರಿಸಿದ ಮುಖಗಳು. ವರ್ಷಪೂರ್ತಿ ಸುಳಿವಿಲ್ಲದ ಗ್ಯುಚೊಲ್‌ನಿಂದ ಫೋನ್ ಬಂತು.

"ಅಕ್ಕ, ಈ ಸಲ ಎಷ್ಟು ಹಾಕಿದೀಯ?"

"ನಿಮ್ಮಮ್ಮನ ಡಬ್ಬಿಗಾಗೋಷ್ಟು," ಎಂದು ಜೊಮ್ಸುನ್ ಫೋನ್ ಇಟ್ಟಳು.