ಮೊದಲು ಯಾರು ಕೈ ಹಾಕಿದ್ದು?

ನನ್ನ ಗಂಡ ಮೆಕ್ಯಾನಿಕ್. ಬಾನೆಟ್ ಎತ್ತುವ ಮೊದಲೇ ಅವರು ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆ ಮುಂಚೆ ಯಾರು ಕೈ ಹಾಕಿದ್ದು?" ಗೋಡೆಯಾಚೆ ಗ್ಯಾರೇಜ್ ಇಟ್ಟಿರುವ ಅವರ ತಮ್ಮನ ಹೆಸರು ಬಂತೋ, ಕಾರಿನ ರೋಗ ಗೊತ್ತಾಯಿತೆಂದೇ ಲೆಕ್ಕ. ಈ ಹಾವು ಮುಂಗುಸಿಗಳ ನಡುವೆ ಸಂಸಾರ ಮಾಡಿ ನನ್ನ ತಲೆಯೇ ಕೆಟ್ಟು ಕೆರ ಹಿಡಿದಿದೆ.

ಮೊನ್ನೆ ದರ್ಜಿಯೊಬ್ಬ ಹಳೇ ಕಾರು ತಂದ. ನಿಲ್ಲಿಸಿದಲ್ಲೇ ಎಂಜಿನ್ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಕಪ್ಪು ಹೊಗೆ ಬೇರೆ. ಏರು ಬಂದರೆ ಎಳೆಯುವುದೇ ಇಲ್ಲವಂತೆ.

"ಸರ್ವೀಸ್ ಮಾಡಿದ್ದು ನೀವೇ. ಆಮೇಲೆ ನಿಮ್ಮ ತಮ್ಮ ಬ್ರೇಕ್ ಮಾತ್ರ ನೋಡಿದ್ರು," ಎಂದ.

"ಹಾಗನ್ನು! ಆ ದರಿದ್ರದವನು ಮುಟ್ಟಿದ್ದೆಲ್ಲಾ ಮಣ್ಣು!"

ಪ್ಲಗ್ ಬದಲಾಯಿಸಿದರು, ಟೈಮಿಂಗ್ ತಿರುಗಿಸಿದರು. ಒಂದೊಂದಕ್ಕೂ ಗೋಡೆಯ ಕಡೆ ತಿರುಗಿ ತಮ್ಮನಿಗೆ ಮಂಗಳಾರತಿ. ನಡುಕ ಮಾತ್ರ ನಿಲ್ಲಲಿಲ್ಲ. ಕೊನೆಗೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ, ಒಳಗೆ ಕೈ ಒರೆಸುವ ಬಟ್ಟೆಯೊಂದು ಗಾಳಿಯ ದಾರಿಗೇ ಅಡ್ಡ ಕೂತಿತ್ತು.

"ನೋಡಿದ್ಯಾ ಅವನ ಕಿತಾಪತಿ?" ಎಂದು ಅದನ್ನು ನನ್ನ ಮುಖಕ್ಕೇ ಹಿಡಿದರು.

ನೋಡಿದೆ. "ರೀ, ಇದು ನಿಮ್ಮದೇ ಹಳೇ ಅಂಗಿ. ಜೇಬಿನ ಹತ್ರ ಇಸ್ತ್ರಿ ಸುಟ್ಟ ಕಲೆ ಕಾಣಲ್ವಾ? ಕೈ ಒರೆಸ್ಕೊಳ್ಳಿ ಅಂತ ನಾನೇ ಹರಿದು ಕೊಟ್ಟಿದ್ದು."

ದರ್ಜಿ ನಗು ತಡೆಯಲು ಕೆಮ್ಮಿದ. ನನ್ನ ಗಂಡ ಆ ಕಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಗೋಡೆಯ ಮೇಲೆ ಕತ್ತು ಚಾಚಿ ಕಿರುಚಿದರು:

"ಲೋ ಕಳ್ಳಾ, ನನ್ನ ಅಂಗೀನೂ ಬಿಡ್ಲಿಲ್ವೇನೋ!"