ಬಿಸಿಲಿದೆ, ನೀವು ಬೇಡ

ಎಂಬತ್ತರ ದಶಕದ ನಾಗಪುರದ ನಮ್ಮ ಕಚೇರಿಯಲ್ಲಿ ನನ್ನನ್ನು ಯಾರೂ ಬೈದವರಲ್ಲ. ಅದೇ ನನ್ನ ಕರ್ಮ. ಬೈದಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು.

ಸಾವನೇರ್ ಕಡೆಯ ಗಣಿ ಕಾಲನಿಗಳಿಗೆ ನೀರಿನ ಪೈಪು ಹಾಕಿಸುವ ಕೆಲಸ ನಮ್ಮದು. ಸಿವಿಲ್ ಡಿಪ್ಲೊಮಾ ಮಾಡಿ ಹುಬ್ಬಳ್ಳಿಯಿಂದ ಬಂದ ನಾನು ಆ ವಿಭಾಗದಲ್ಲಿ ಒಬ್ಬಳೇ ಹೆಂಗಸು. ಬೆಳಿಗ್ಗೆ ಜೀಪು ಸೈಟಿಗೆ ಹೊರಡುವಾಗ ನಾನೂ ಚೀಲ ಹೆಗಲಿಗೇರಿಸಿ ನಿಲ್ಲುತ್ತಿದ್ದೆ. "ಧೂಪ್ ಬಹುತ್ ಹೈ, ಮೇಡಂ. ಆಪ್ ರಹನೇ ದೋ" ಎಂದು ವಿಭಾಗದ ಸಾಹೇಬರು ನನ್ನನ್ನು ಕೂಲರ್ ಮುಂದೆ ಕೂರಿಸಿ ಹೋಗುತ್ತಿದ್ದರು. ಚಳಿಗಾಲದಲ್ಲೂ ಅವರಿಗೆ ಅದೇ ಧೂಪ್, ಅದೇ ಬಿಸಿಲು! ಅವರು ಅಳೆದು ತಂದದ್ದನ್ನು ನಾನು ನಕ್ಷೆ ಮಾಡಬೇಕು. ಸಂಜೆ ಬರುವಾಗ ನನಗೆಂದು ಕಿತ್ತಳೆ ತರುತ್ತಿದ್ದರು.

ಬಡ್ತಿಯ ಸಮಯಕ್ಕೆ ನನ್ನ ಹೆಸರಿಲ್ಲ. ಸಾಹೇಬರನ್ನು ಕೇಳಿದರೆ, "ನಿಮಗೆ ಸೈಟಿನ ಅನುಭವವೇ ಇಲ್ಲವಲ್ಲ" ಎಂದರು. ಬಡ್ತಿ ಸಿಕ್ಕಿದ್ದು ನಾನೇ ಕೆಲಸ ಕಲಿಸಿದ, ಗುಲ್ಬರ್ಗ ಕಡೆಯ ತರುಣನಿಗೆ. ಮೈಯೆಲ್ಲ ಉರಿದುಹೋಯಿತು. ಮೇಲಿನ ಕಚೇರಿಗೆ ದೂರು ಕೊಟ್ಟೆ. ಹೆಂಗಸೆಂದೇ ತಡೆದರೆನ್ನಲು ಸಾಕ್ಷಿ ತನ್ನಿ ಎಂದರು. ಇನ್ಯಾರಿದ್ದಾರೆ? ಆ ತರುಣನನ್ನೇ ಕೇಳಿದೆ.

"ಬರ್ತೀನ್ರಿ ಅಕ್ಕಾರ. ಇದ್ದದ್ದನ್ನ ಬರೋಬರ್ ಹೇಳ್ತೀನಿ" ಎಂದ.

ಪಾಪ, ಹೇಳಿದ ಕೂಡ. ವಿಚಾರಣೆಯ ಅಧಿಕಾರಿಯ ಮುಂದೆ ನಿಂತು, "ಅವರು ದಿನಾ ಬರ್ತೀನಿ ಅಂತಿದ್ರು, ಸಾಹೇಬ್. ನಾವೇ ಕರೆದುಕೊಂಡು ಹೋಗಲಿಲ್ಲ. ಹೆಣ್ಣುಮಗಳು ಬಿಸಿಲಲ್ಲಿ ಯಾಕೆ ಒದ್ದಾಡಬೇಕು ಅಂತ. ಕಿತ್ತಳೆ ತಂದು ಕೊಡ್ತಿದ್ವಿ" ಎಂದು ಹಿಂದಿಯಲ್ಲಿ ಒಪ್ಪಿಸಿದ.

ನನಗೆ ಹೋದ ಜೀವ ಬಂದಂತಾಯಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಧಿಕಾರಿ ಕನ್ನಡಕ ತೆಗೆದು ನಕ್ಕರು. "ನೋಡಿ ಮೇಡಂ, ಎಷ್ಟೊಂದು ಕಾಳಜಿ! ಇದರಲ್ಲಿ ಭೇದಭಾವ ಎಲ್ಲಿದೆ? ಕಿತ್ತಳೆ ನೀವೂ ತಿಂದಿದ್ದೀರಲ್ಲ?"

ತಿಂದಿದ್ದೆ. ನಾಗಪುರದಲ್ಲಿದ್ದು ಕಿತ್ತಳೆ ಬೇಡವೆನ್ನುವುದು ಹೇಗೆ? ಸಾಕುಸಾಕಾಗಿತ್ತು. ದೂರು ಅಲ್ಲಿಗೇ ಮುಗಿಯಿತು.

ಹೊರಗೆ ಬಂದಾಗ ಸಂಜೆಯಾಗಿತ್ತು. "ಹೆಂಗಸರು ಬಸ್ಸಿಗೆ ಯಾಕೆ ಕಾಯಬೇಕು?" ಎಂದು ನಮ್ಮ ಸಾಹೇಬರೇ ಜೀಪು ಕೊಟ್ಟು ಕಳಿಸಿದರು. ಅದರೊಳಗೆ ನಾನು ಕೂತದ್ದು ಅದೇ ಮೊದಲು.

"ಎಲ್ಲಿಗೆ, ಮೇಡಂ?" ಎಂದ ಡ್ರೈವರ್.

"ಸಾವನೇರ್ ಸೈಟಿಗೆ."

ತಮಾಷೆಯೆಂದುಕೊಂಡು ಅವನು ಹೋ ಎಂದು ನಕ್ಕ. ಮನೆ ಬಾಗಿಲವರೆಗೂ ತಂದು ಬಿಟ್ಟುಹೋದ.